ಜಿಪಿಎಸ್ ಟಿಪ್ಪಣಿ: ಮೂರು ಉಪಗ್ರಹ ಯಾಕೆ ಸಾಲದು?

ಕೆಎಎಸ್ ಪ್ರಿಲಿಮ್ಸ್‌ಗೆ ವಿಜ್ಞಾನ-ತಂತ್ರಜ್ಞಾನ ಓದುವಾಗ ಜಿಪಿಎಸ್ ಮತ್ತು ನಾವಿಕ್ (ಜಿಪಿಎಸ್‌ನಂಥದ್ದೇ ಭಾರತದ ಸ್ವಂತ ವ್ಯವಸ್ಥೆ) ಎರಡಕ್ಕೂ ಸೇರಿ ಒಂದು ದಿನ ಸಾಕು ಅಂದುಕೊಂಡಿದ್ದೆ. ಪೂರ್ತಿ ಒಂದು ವಾರ ಹಿಡಿಯಿತು. ತಲೆಯಲ್ಲಿ ಮೊದಲೇ ಬೇರೂರಿದ್ದ ತಪ್ಪು ತಿಳಿವಳಿಕೆಗಳನ್ನು ಕಿತ್ತು ಹಾಕೋಕೇ ಅರ್ಧ ವಾರ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಕ್ಷೆ ಅಂದರೇನು, ಬೆಳಕಿನ ವೇಗ ಎಷ್ಟು ಇವೆಲ್ಲ ನಿಮಗೆ ಗೊತ್ತಿದೆ ಅಂತ ಹಿಡಿದಿದ್ದೇನೆ. ನನಗೆ ಕೈಕೊಟ್ಟ ಜಾಗ ಒಂದೇ, ಅದನ್ನು ಮಾತ್ರ ನಿಧಾನವಾಗಿ ಬಿಡಿಸುತ್ತೇನೆ.

ಉಪಗ್ರಹಕ್ಕೆ ನಾವು ಗೊತ್ತೇ ಇಲ್ಲ

ಮೇಲಿರುವ ಉಪಗ್ರಹ ನಮ್ಮ ಫೋನನ್ನು ಹುಡುಕಿ ‘ನೀನು ಇಲ್ಲಿದ್ದೀಯ’ ಅಂತ ತಿಳಿಸುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ನಾನೂ ಹಾಗೇ ನಂಬಿದ್ದೆ. ಅದು ತಪ್ಪು. ಫೋನಿನಿಂದ ಜಿಪಿಎಸ್ ಉಪಗ್ರಹಕ್ಕೆ ಏನೂ ಹೋಗುವುದಿಲ್ಲ. ಫೋನು ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ನಿಮ್ಮ ಮನೆಯಲ್ಲಿ ರೇಡಿಯೋ ಹಚ್ಚಿದರೆ ಅದು ಧಾರವಾಡ ಆಕಾಶವಾಣಿಯವರಿಗೆ ಗೊತ್ತಾಗುತ್ತದಾ? ಇಲ್ಲ ಅಲ್ವಾ? ಇದೂ ಹಾಗೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ ಎರಡೇ ಸಂಗತಿ ಸಾರುತ್ತಿರುತ್ತದೆ: ಈಗ ನನ್ನ ಗಡಿಯಾರದಲ್ಲಿ ಇಷ್ಟು ಹೊತ್ತು, ನಾನು ಇರುವ ಜಾಗ ಇದು. ಉಳಿದ ಲೆಕ್ಕವೆಲ್ಲ ಫೋನಿನದೇ.

ಹಾಗಾದರೆ ಕ್ಯಾಬ್ ಎಲ್ಲಿ ಬರ್ತಿದೆ ಅಂತ ನಮಗೆ ಕಾಣುವುದು ಹೇಗೆ? ಡ್ರೈವರ್ ಫೋನು ತನ್ನ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಆಮೇಲೆ ಆಪ್ ಅದನ್ನು ಮೊಬೈಲ್ ಡೇಟಾ ಮೂಲಕ ಕಂಪನಿಗೆ ಕಳಿಸುತ್ತದೆ. ಇವು ಎರಡು ಬೇರೆ ಬೇರೆ ಕೆಲಸ. ಬಸ್ಸು-ಲಾರಿಗೆ ಹಾಕುವ ಟ್ರ್ಯಾಕರ್‌ ಒಳಗೆ ಸಿಮ್ ಇರುವುದು ಇದಕ್ಕೇ. ಸಿಮ್ ತೆಗೆದರೆ ಟ್ರ್ಯಾಕರ್‌ಗೆ ತಾನೆಲ್ಲಿದ್ದೇನೆ ಅಂತ ಗೊತ್ತಿರುತ್ತದೆ, ಆದರೆ ಬೇರೆಯವರಿಗೆ ಹೇಳೋಕೆ ಬಾಯಿ ಇರುವುದಿಲ್ಲ.

ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಅನ್ನುವುದೂ ತಪ್ಪು. ಕಳೆದ ಮಳೆಗಾಲ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕೂತು ಮ್ಯಾಪ್ ನೋಡ್ತಿದ್ದೆ. ನೆಟ್‌ವರ್ಕ್ ಹೋಯಿತು. ರಸ್ತೆ, ಊರಿನ ಹೆಸರು ಎಲ್ಲ ಮಾಯವಾಗಿ ಬರೀ ಬೂದು ಚೌಕಗಳು ಉಳಿದವು. ಆದರೆ ನೀಲಿ ಚುಕ್ಕಿ ನಿಲ್ಲಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅದೂ ಆ ಬೂದು ಬಯಲಿನಲ್ಲಿ ತಿರುಗುತ್ತಿತ್ತು. ನೆಟ್ ಬೇಕಾದದ್ದು ಮ್ಯಾಪಿನ ಚಿತ್ರಕ್ಕೆ. ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದರೆ ಅದೂ ಬೇಕಿರಲಿಲ್ಲ.

ನೆಟ್‌ನಿಂದ ಇನ್ನೊಂದು ಉಪಕಾರವಿದೆ. ಉಪಗ್ರಹ ತನ್ನ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ, ತೀರಾ ನಿಧಾನಕ್ಕೆ ಕಳಿಸುತ್ತದೆ. ಅದರ ಕಕ್ಷೆಯ ವಿವರ ಪೂರ್ತಿ ಸಿಗೋಕೆ ಅರ್ಧ ನಿಮಿಷ ಬೇಕು. ನೆಟ್ ಇದ್ದರೆ ಫೋನು ಅದನ್ನು ಅಲ್ಲಿಂದಲೇ ತಟ್ಟನೆ ಎತ್ತಿಕೊಳ್ಳುತ್ತದೆ. ನೆಟ್ ಇಲ್ಲದ ಕಡೆ ಮೊದಲ ಸಲ ಜಾಗ ತೋರಿಸೋಕೆ ತಡವಾಗುವುದು ಇದೇ ಕಾರಣಕ್ಕೆ.

ಮೂರೋ, ನಾಲ್ಕೋ?

ನನ್ನ ವಾರ ಹೋದದ್ದು ಇಲ್ಲಿ. ನಾನು ಓದಿದ್ದ ನೋಟ್ಸ್‌ನಲ್ಲಿ ಹೀಗಿತ್ತು: ಸಿಗ್ನಲ್ ಬರಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದಿಂದ ನಮಗಿರುವ ದೂರ ಸಿಗುತ್ತದೆ. ಒಂದು ಉಪಗ್ರಹದ ದೂರ ಗೊತ್ತಾದರೆ ನಾವು ಅದರ ಸುತ್ತಲಿನ ಒಂದು ಗೋಳದ ಮೇಲೆ ಎಲ್ಲೋ ಇದ್ದೇವೆ. ಎರಡು ಗೋಳಗಳು ಒಂದು ವೃತ್ತದಲ್ಲಿ ಸೇರುತ್ತವೆ. ಮೂರನೆಯ ಗೋಳ ಆ ವೃತ್ತವನ್ನು ಎರಡು ಬಿಂದುಗಳಲ್ಲಿ ಮುಟ್ಟುತ್ತದೆ. ಒಂದು ಬಿಂದು ಭೂಮಿಯ ಮೇಲೆ, ಇನ್ನೊಂದು ಎಲ್ಲೋ ಬಾಹ್ಯಾಕಾಶದಲ್ಲಿ. ಎರಡನೆಯದನ್ನು ಬಿಟ್ಟರಾಯಿತು. ಅಲ್ಲಿಗೆ ಲೆಕ್ಕ ಮುಗಿಯಿತು. ಮುಂದಿನ ಸಾಲಿನಲ್ಲೇ ‘ಕನಿಷ್ಠ ನಾಲ್ಕು ಉಪಗ್ರಹ ಬೇಕು’ ಅಂತ ಬರೆದಿತ್ತು.

ಪಿಯುಸಿ ಓದುವ ನನ್ನ ತಮ್ಮನಿಗೆ ಇದನ್ನು ವಿವರಿಸುತ್ತಿದ್ದೆ. ಅವನು ತಟ್ಟನೆ ಕೇಳಿದ: “ಅಕ್ಕಾ, ಮೂರು ಸಾಕು ಅಂತ ಈಗ ತಾನೆ ನೀನೇ ಹೇಳ್ದೆ. ಮತ್ತೆ ನಾಲ್ಕನೇದು ಯಾಕೆ?” ನಿಖರತೆ ಹೆಚ್ಚಲಿ ಅಂತ ಇರಬೇಕು ಎಂದೆ. ಆ ಉತ್ತರ ತಪ್ಪು. ತುಂಬಾ ಕಡೆ ಇದೇ ತಪ್ಪು ಬರೆದಿರುತ್ತದೆ, ಹುಷಾರು.

ಎಡವಟ್ಟು ಇರುವುದು ‘ಸಿಗ್ನಲ್ ಬರಲು ಹಿಡಿದ ಸಮಯ’ ಎಂಬ ಮಾತಿನಲ್ಲಿ. ಅದು ಹೊರಟ ಹೊತ್ತು ಉಪಗ್ರಹದ ಪರಮಾಣು ಗಡಿಯಾರದ್ದು, ಅಂದರೆ ತೀರಾ ನಿಖರವಾದ ಗಡಿಯಾರದ್ದು. ಬಂದು ಮುಟ್ಟಿದ ಹೊತ್ತು ನಮ್ಮ ಫೋನಿನ ಗಡಿಯಾರದ್ದು. ಫೋನಿನದು ಅಗ್ಗದ ಹರಳಿನ ಗಡಿಯಾರ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಫೋನಿನ ಗಡಿಯಾರ ಒಂದು ಮಿಲಿಸೆಕೆಂಡ್ ತಪ್ಪಿದರೆ ದೂರ 300 ಕಿಲೋಮೀಟರ್ ತಪ್ಪುತ್ತದೆ. ಹೆಚ್ಚುಕಡಿಮೆ ಬೆಂಗಳೂರಿನಿಂದ ಚೆನ್ನೈಗೆ ನೇರ ಗೆರೆ ಎಳೆದಷ್ಟು. ಅಂದರೆ ಆ ಮೂರು ಗೋಳಗಳಲ್ಲಿ ಒಂದರ ಅಳತೆಯೂ ಸರಿಯಿಲ್ಲ. ಫೋನಿಗೆ ಗೊತ್ತಿಲ್ಲದ ಸಂಗತಿ ಮೂರಲ್ಲ, ನಾಲ್ಕು: ಅಕ್ಷಾಂಶ, ರೇಖಾಂಶ, ಎತ್ತರ, ಮತ್ತು ತನ್ನ ಗಡಿಯಾರ ಎಷ್ಟು ತಪ್ಪಿದೆ ಎಂಬುದು.

ನಾಲ್ಕು ಅಜ್ಞಾತಕ್ಕೆ ನಾಲ್ಕು ಸಮೀಕರಣ ಅಂತ ಬರೆದರೆ ಪರೀಕ್ಷೆಗೆ ಸಾಕು. ನನಗೆ ಸಾಕಾಗಲಿಲ್ಲ. ತಪ್ಪಿದ ಗಡಿಯಾರ ಇಟ್ಟುಕೊಂಡು, ಅದು ಎಷ್ಟು ತಪ್ಪಿದೆ ಅಂತ ಹೊರಗಿನವರನ್ನು ಕೇಳದೆ ತಿಳಿಯುವುದಾದರೂ ಹೇಗೆ? ಕೊನೆಗೆ ಎರಡು ಗುಡಿಗಳ ಗಂಟೆ ಇಟ್ಟುಕೊಂಡು ಲೆಕ್ಕ ಮಾಡಿದ ಮೇಲೆ ಬಿಡಿಸಿತು.

ಒಂದು ನೇರ ರಸ್ತೆ. ಪೂರ್ವದ ತುದಿಯಲ್ಲಿ ಒಂದು ಗುಡಿ, ಪಶ್ಚಿಮದ ತುದಿಯಲ್ಲಿ ಇನ್ನೊಂದು. ನಡುವೆ 3400 ಮೀಟರ್. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಅಂತ ಇಟ್ಟುಕೊಳ್ಳಿ. ಎರಡೂ ಗುಡಿಯಲ್ಲಿ ಬೆಳಗ್ಗೆ ಸರಿಯಾಗಿ 6 ಗಂಟೆಗೆ, ಒಂದೇ ಕ್ಷಣಕ್ಕೆ ಗಂಟೆ ಬಾರಿಸುತ್ತಾರೆ. ನಾನು ನಡುವೆ ಎಲ್ಲೋ ನಿಂತಿದ್ದೇನೆ. ನನ್ನ ವಾಚು ಸರಿಯಿಲ್ಲ, ಆದರೆ ಎಷ್ಟು ತಪ್ಪಿದೆ ಅಂತ ಗೊತ್ತಿಲ್ಲ.

ಪೂರ್ವದ ಗಂಟೆ ಕೇಳಿದಾಗ ವಾಚಿನಲ್ಲಿ 6 ಗಂಟೆ 6 ಸೆಕೆಂಡ್. ಪಶ್ಚಿಮದ್ದು ಕೇಳಿದಾಗ 6 ಗಂಟೆ 10 ಸೆಕೆಂಡ್. ವಾಚನ್ನು ನಂಬಿದರೆ ಪೂರ್ವದ ಗುಡಿ 6 × 340 = 2040 ಮೀಟರ್ ದೂರ, ಪಶ್ಚಿಮದ್ದು 10 × 340 = 3400 ಮೀಟರ್ ದೂರ. ಕೂಡಿಸಿದರೆ 5440. ಆದರೆ ರಸ್ತೆಯ ಉದ್ದವೇ 3400! ಎರಡೂ ನಿಜವಾಗಲು ಸಾಧ್ಯವೇ ಇಲ್ಲ.

ಇಲ್ಲೇ ನಿಲ್ಲಿ. ಈ ‘ಸಾಧ್ಯವಿಲ್ಲ’ ಅನ್ನುವುದೇ ನಮಗೆ ಸಿಕ್ಕ ಸುಳಿವು. ಪೂರ್ತಿ ರಸ್ತೆ ದಾಟಲು ಶಬ್ದಕ್ಕೆ 10 ಸೆಕೆಂಡ್ ಬೇಕು. ನಾನು ಎಲ್ಲೇ ನಿಂತಿರಲಿ, ಎರಡು ಸಮಯ ಕೂಡಿದರೆ 10 ಬರಬೇಕು. ನನಗೆ 6 + 10 = 16 ಬಂತು. 6 ಸೆಕೆಂಡ್ ಜಾಸ್ತಿ. ವಾಚು ಒಂದೇ, ಹಾಗಾಗಿ ಅದರ ತಪ್ಪು ಎರಡೂ ಅಳತೆಯಲ್ಲಿ ಸಮನಾಗಿ ಸೇರಿದೆ: ಒಂದೊಂದರಲ್ಲೂ 3 ಸೆಕೆಂಡ್. ಅಂದರೆ ನನ್ನ ವಾಚು 3 ಸೆಕೆಂಡ್ ಮುಂದಿದೆ. ಕಳೆದರೆ ನಿಜವಾದ ಸಮಯ 3 ಮತ್ತು 7. ದೂರ 1020 ಮತ್ತು 2380 ಮೀಟರ್. ಕೂಡಿಸಿ ನೋಡಿ, 3400.

ನಾನು ನಿಂತ ಜಾಗ ಸಿಕ್ಕಿತು. ಜೊತೆಗೆ ವಾಚೂ ಸರಿಯಾಯಿತು! ನೇರ ರಸ್ತೆಯಲ್ಲಿ ಜಾಗಕ್ಕೆ ಒಂದು ಸಂಖ್ಯೆ, ವಾಚಿಗೆ ಒಂದು, ಒಟ್ಟು ಎರಡು ಗಂಟೆ. ಬಯಲಿನಲ್ಲಾದರೆ ಜಾಗಕ್ಕೆ ಎರಡು, ವಾಚಿಗೆ ಒಂದು, ಒಟ್ಟು ಮೂರು. ಎತ್ತರವೂ ಸೇರಿದರೆ ನಾಲ್ಕು. ನಾಲ್ಕನೆಯ ಉಪಗ್ರಹ ಫೋನಿನ ಗಡಿಯಾರವನ್ನು ತಿದ್ದುತ್ತದೆ. ಅದಿಲ್ಲದಿದ್ದರೆ ಉಳಿದ ಮೂರಕ್ಕೂ ಬೆಲೆಯಿಲ್ಲ. ತಮ್ಮನಿಗೆ ಇದನ್ನು ಹಾಳೆಯ ಮೇಲೆ ಮಾಡಿ ತೋರಿಸಿದೆ. “ಅಂದ್ರೆ ಜಿಪಿಎಸ್ ಗಡಿಯಾರದ ಕೆಲಸಾನೂ ಮಾಡುತ್ತೆ!” ಅಂದ. ನಿಜ. ಮೊಬೈಲ್ ಟವರ್‌ಗಳು, ವಿದ್ಯುತ್ ಗ್ರಿಡ್‌ಗಳು ಜಿಪಿಎಸ್ ಬಳಸುವುದು ಹೆಚ್ಚಾಗಿ ಸಮಯ ಹೊಂದಿಸಿಕೊಳ್ಳಲಿಕ್ಕೇ.

ಅಂದ ಹಾಗೆ, ಇದನ್ನು ಟ್ರಯಾಂಗ್ಯುಲೇಶನ್ ಅಂತ ಬರೆಯಬೇಡಿ. ಅದು ಕೋನ ಅಳೆಯುವ ವಿಧಾನ. 1802ರಲ್ಲಿ ಮದ್ರಾಸಿನಿಂದ ಶುರುವಾದ ವಿಲಿಯಂ ಲ್ಯಾಂಬ್ಟನ್ ಅವರ ಮಹಾ ಸರ್ವೆ ಆ ಬಗೆಯದು. ಜಿಪಿಎಸ್ ಕೋನ ಅಳೆಯುವುದಿಲ್ಲ, ದೂರ ಮಾತ್ರ. ಇದರ ಹೆಸರು ಟ್ರೈಲ್ಯಾಟರೇಶನ್.

ಗಂಟೆಯ ಲೆಕ್ಕದಿಂದಲೇ ಬಿಡಿಸಿದ ಇನ್ನೆರಡು

ಮೊದಲನೆಯದು ಎತ್ತರ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲಿ ಹೋಗುವಾಗ ಮ್ಯಾಪ್ ಕೆಲವೊಮ್ಮೆ ನಮ್ಮನ್ನು ಕೆಳಗಿನ ರಸ್ತೆಗೆ ಇಳಿಸಿಬಿಡುತ್ತದೆ. ಫೋನು ಕೆಟ್ಟಿದೆ ಅಂದುಕೊಳ್ಳುತ್ತಿದ್ದೆ. ಕಾರಣ ಬೇರೆ. ಎರಡೂ ಗುಡಿ ನನ್ನ ಪೂರ್ವಕ್ಕೇ ಇದ್ದಿದ್ದರೆ ಏನಾಗುತ್ತಿತ್ತು? ನಾನು ಹಿಂದೆ ಸರಿದರೂ ಎರಡೂ ಶಬ್ದ ತಡವಾಗುತ್ತವೆ, ವಾಚು ಮುಂದೆ ಓಡಿದರೂ ತಡವಾದಂತೆಯೇ ಕಾಣುತ್ತದೆ. ಯಾವುದು ಯಾವುದರಿಂದ ಅಂತ ಬೇರ್ಪಡಿಸಲು ಆಗುವುದಿಲ್ಲ. ಗಂಟೆಗಳು ಎರಡು ಕಡೆ ಇದ್ದದ್ದರಿಂದಲೇ ನಮ್ಮ ಲೆಕ್ಕ ಕೂಡಿಬಂದದ್ದು. ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣಕ್ಕೆ ನಮ್ಮ ಎರಡೂ ಬದಿಯಲ್ಲಿ ಉಪಗ್ರಹಗಳಿರುತ್ತವೆ. ಎತ್ತರಕ್ಕೆ ಮಾತ್ರ ಎಲ್ಲವೂ ತಲೆಯ ಮೇಲೇ. ಕಾಲ ಕೆಳಗಿನವನ್ನು ಭೂಮಿ ಮರೆ ಮಾಡಿರುತ್ತದೆ. ಉಪಗ್ರಹಗಳು ಬೇರೆ ಬೇರೆ ಓರೆಯಲ್ಲಿ ಇರುವುದರಿಂದ ಎತ್ತರ ಸಿಗುತ್ತದೆ, ಆದರೆ ಉಳಿದವುಗಳಷ್ಟು ಚೆನ್ನಾಗಿ ಸಿಗುವುದಿಲ್ಲ. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರಿನೊಳಗೆ ಜಾಗ ಹೇಳುತ್ತದೆ. ಎತ್ತರದಲ್ಲಿ ಅದಕ್ಕಿಂತ ಜಾಸ್ತಿ ತಪ್ಪಬಹುದು. ಮೇಲ್ಸೇತುವೆಗೂ ಕೆಳಗಿನ ರಸ್ತೆಗೂ ಇರುವ ಅಂತರ ಅದರಲ್ಲಿ ಕಳೆದುಹೋಗುತ್ತದೆ.

ಎರಡನೆಯದು ಸಾಪೇಕ್ಷತಾ ಸಿದ್ಧಾಂತ, ಅಂದರೆ ಗುರುತ್ವ ಮತ್ತು ವೇಗಕ್ಕೆ ತಕ್ಕಂತೆ ಗಡಿಯಾರದ ಓಟ ಬದಲಾಗುತ್ತದೆ ಅನ್ನುವ ಐನ್‌ಸ್ಟೈನ್ ಸಿದ್ಧಾಂತ. ಮೇಲೆ ಗುರುತ್ವ ಕಡಿಮೆ, ಅದರಿಂದ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ವೇಗದ ಕಾರಣಕ್ಕೆ 7 ಹಿಂದೆ ಬೀಳುತ್ತದೆ. ಒಟ್ಟು 38 ಮುಂದೆ. ಇಷ್ಟು ಸರಿ. ಇದನ್ನು 300 ಮೀಟರಿನಿಂದ ಗುಣಿಸಿ ‘ತಿದ್ದದಿದ್ದರೆ ದಿನಕ್ಕೆ 11 ಕಿಲೋಮೀಟರ್ ಜಾಗ ತಪ್ಪುತ್ತದೆ’ ಅಂತ ಎಲ್ಲೆಡೆ ಬರೆಯುತ್ತಾರೆ. ನಾನೂ ಬರೆದುಕೊಂಡಿದ್ದೆ. ಗಂಟೆಯ ಲೆಕ್ಕ ಹಾಕಿ ನೋಡಿ: ಎರಡೂ ಗುಡಿಯವರು 2 ಸೆಕೆಂಡ್ ತಡವಾಗಿ ಬಾರಿಸಿದರು ಅನ್ನಿ. ವಾಚಿನಲ್ಲಿ 8 ಮತ್ತು 12 ಬರುತ್ತದೆ. ಕೂಡಿದರೆ 20, ಅಂದರೆ 10 ಜಾಸ್ತಿ. ತಲಾ 5 ಕಳೆಯಿರಿ. ಮತ್ತೆ ಅದೇ 3 ಮತ್ತು 7! ಜಾಗ ಕದಲಲೇ ಇಲ್ಲ. ಎಲ್ಲ ಗಡಿಯಾರವೂ ಒಟ್ಟಿಗೆ ಒಂದೇ ಅಳತೆಯಲ್ಲಿ ತಪ್ಪಿದರೆ ಆ ತಪ್ಪು ‘ವಾಚಿನ ತಪ್ಪು’ ಎಂಬ ಖಾತೆಗೆ ಹೋಗಿಬಿಡುತ್ತದೆ. ಆ 11 ಕಿಲೋಮೀಟರ್ ಪ್ರತಿ ಉಪಗ್ರಹದ ದೂರದಲ್ಲಿ ಬರುವ ತಪ್ಪು, ನಮ್ಮ ಜಾಗದಲ್ಲಿ ಬರುವ ತಪ್ಪಲ್ಲ. ತಿದ್ದುಪಡಿ ಬೇಕೇ ಬೇಕು, ಸಮಯ ಹೊಂದಿಸಿಕೊಳ್ಳುವವರಿಗಂತೂ ತುಂಬಾ ಬೇಕು. ಅದಕ್ಕೇ ಗಡಿಯಾರವನ್ನು ಸ್ವಲ್ಪ ನಿಧಾನಕ್ಕೆ ಇಟ್ಟು ಮೇಲೆ ಕಳಿಸುತ್ತಾರೆ.

ಒಂದು ಗುಡಿಯವರು ಮಾತ್ರ ತಡಮಾಡಿದರೆ ಕತೆ ಬೇರೆ, ಆಗ ಜಾಗ ತಪ್ಪೇ ತಪ್ಪುತ್ತದೆ. ನಮ್ಮ ನಾವಿಕ್‌ಗೆ ಇದೇ ಪೆಟ್ಟು ಬಿದ್ದದ್ದು. 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಒಳಗಿದ್ದ ಮೂರೂ ಪರಮಾಣು ಗಡಿಯಾರ ಕೆಟ್ಟವು. ಉಪಗ್ರಹ ಬದುಕಿತ್ತು, ಮಾತಾಡುತ್ತಿತ್ತು, ಆದರೆ ಜಾಗ ಹೇಳುವ ಕೆಲಸಕ್ಕೆ ಬರಲಿಲ್ಲ. ಅದರ ಬದಲಿಗೆ 2017ರ ಆಗಸ್ಟ್ 31ರಂದು ಹೋದ 1ಎಚ್, ಶಾಖಕವಚ ಬಿಚ್ಚಿಕೊಳ್ಳದೆ ವಿಫಲವಾಯಿತು. 2018ರ ಏಪ್ರಿಲ್‌ನಲ್ಲಿ 1ಐ ಸರಿಯಾಗಿ ಕಕ್ಷೆ ಸೇರಿತು. ಆ ಗಡಿಯಾರಗಳು ಹೊರದೇಶದಿಂದ ತರಿಸಿದ್ದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರ ಇತ್ತು. ಗಂಟೆಯ ಲೆಕ್ಕ ಮಾಡಿದ ಮೇಲೆ ಆ ಸುದ್ದಿ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಯಿತು. ನಾವಿಕ್‌ನ ಸಮಯ ಕಾಯುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ನಿಯಂತ್ರಣಕ್ಕೆ ಹಾಸನದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದೆ. ನಾವಿಕ್ ಒಂದು ಆಪ್ ಅಂತ ಕೆಲವರು ತಿಳಿದಿದ್ದಾರೆ, ಅಲ್ಲ. ಏಳು ಉಪಗ್ರಹಗಳ ವ್ಯವಸ್ಥೆ ಅಂತ ಯೋಜಿಸಿದ್ದು: ಸಮಭಾಜಕದ ಮೇಲೆ ನಿಂತಂತೆ ಕಾಣುವ ಮೂರು, ಆಕಾಶದಲ್ಲಿ ಎಂಟರ ಆಕಾರ ಬರೆಯುವ ನಾಲ್ಕು.

2000ದ ನೋಟಿನ ಚಿಪ್

2016ರ ನವೆಂಬರ್ 8ರ ನೋಟು ರದ್ದತಿ ಆದ ಮೇಲೆ ಹರಡಿದ ಸುದ್ದಿ ನೆನಪಿದೆಯಲ್ಲ? ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ. ಟಿವಿಯಲ್ಲೂ ಬಂತು. ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅಲ್ಲಗಳೆದರು. ನಮ್ಮ ಮನೆಯಲ್ಲಿ ಅಜ್ಜಿ ಮೈಸೂರಿನಲ್ಲಿ ಅಚ್ಚಾದ ಆ ನೋಟನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ಚಿಪ್ ಹುಡುಕಿದ್ದರು. ಆಗ ನನಗೂ ಹೇಳೋಕೆ ಉತ್ತರ ಇರಲಿಲ್ಲ. ಈಗ ಇದೆ. ಜಿಪಿಎಸ್ ಕೇಳಿಸಿಕೊಳ್ಳುತ್ತದೆ, ಹೇಳುವುದಿಲ್ಲ. ಹೇಳಬೇಕಾದರೆ ಟ್ರಾನ್ಸ್‌ಮಿಟರ್ ಬೇಕು, ಅದಕ್ಕೆ ಬ್ಯಾಟರಿ ಬೇಕು. ಇನ್ನು ಆಳದ ಮಾತು: ಆ ಸಿಗ್ನಲ್ ನಮ್ಮನ್ನು ಮುಟ್ಟುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಅಂದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿಗೇ ಇಳಿಯುವುದಿಲ್ಲ.

ನಿಮಗೊಂದು ಲೆಕ್ಕ. ಅದೇ ರಸ್ತೆ, ಅದೇ ಗುಡಿಗಳು. ಗಂಟೆ ಬಾರಿಸಿದ್ದು ಸರಿಯಾಗಿ 6ಕ್ಕೆ. ವಾಚಿನಲ್ಲಿ ಪೂರ್ವದ್ದು 6 ಗಂಟೆ 2 ಸೆಕೆಂಡಿಗೆ, ಪಶ್ಚಿಮದ್ದು 6 ಗಂಟೆ 4 ಸೆಕೆಂಡಿಗೆ ಕೇಳಿತು. ವಾಚು ಮುಂದಿದೆಯೋ ಹಿಂದಿದೆಯೋ? ಎಷ್ಟು? ಪೂರ್ವದ ಗುಡಿಯಿಂದ ನೀವು ಎಷ್ಟು ಮೀಟರ್ ದೂರ? ನನ್ನ ತಮ್ಮನಿಗೆ 1360 ಬಂತು.