ಕಾಡಿನ ಲಂಟಾನವೂ ಒಂದು ಕಾಲದ ಹೈಬ್ರಿಡ್

ಬೆಂಗಳೂರಿನ ಎಷ್ಟೋ ನರ್ಸರಿಗಳಲ್ಲಿ ‘ಹೈಬ್ರಿಡ್ ಲಂಟಾನ’ ಮಾರಾಟಕ್ಕಿದೆ. ಹಳದಿ, ಬಿಳಿ, ನೇರಳೆ, ಯಾವ ಬಣ್ಣ ಬೇಕೋ ಅದು. ಅತ್ತ ಬಂಡೀಪುರದ ಕಾಡಿನಲ್ಲಿ ಲಂಟಾನ ಕೀಳಿಸಲು ಅರಣ್ಯ ಇಲಾಖೆ ಹಣ ಸುರಿಯುತ್ತಿದೆ. ಮಾರುವವರಿಗೆ ಇದು ಗೊತ್ತಿಲ್ಲ ಅಂತೇನಲ್ಲ. ಅದು ಕಾಡಿನದು, ಇದು ಬೇರೆ ಅನ್ನುವ ನಂಬಿಕೆ ಅವರದು.

ಆದರೆ ಕಾಡಿನದೂ ಕುಂಡದಿಂದಲೇ ಹೋದದ್ದು. ಲಂಟಾನದ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ಹದಿನೇಳನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ತೋಟಗಾರರು ಬಣ್ಣಕ್ಕಾಗಿ ತಳಿಗೆ ತಳಿ ಬೆರೆಸಿದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅದು ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿಗಳ ಹೊಟ್ಟೆಯಲ್ಲಿ ಕಾಡಿಗೆ. ಈಗ ಕಾಡಿನಲ್ಲಿ ನಾವು ಕೀಳುತ್ತಿರುವುದು ತೋಟಗಾರರು ಕೈಯಾರೆ ಮಾಡಿದ ಹೈಬ್ರಿಡ್‌ನ ಮೊಮ್ಮಕ್ಕಳನ್ನೇ.

ಹೊಸ ತಳಿಗಳಲ್ಲಿ ಕೆಲವು ಬೀಜ ಕಟ್ಟುವುದು ಅಪರೂಪ, ನಿಜ. ಆದರೆ ಬೀಜ ಕಟ್ಟದ ತಳಿಯ ಪರಾಗವೂ ಪಕ್ಕದ ಕಾಡು ಗಿಡಕ್ಕೆ ತಲುಪಬಹುದು. ಕತ್ತರಿಸಿ ಬಿಸಾಡಿದ ಕಡ್ಡಿ ತೇವದ ನೆಲದಲ್ಲಿ ಬೇರು ಬಿಡಬಹುದು.

ತೋಟಗಾರರಿಗೆ ಇದು ಯಾಕೆ ಕಾಣಲಿಲ್ಲ? ಒಂದು ಕಾರಣ ಸಮಯ. ಜರ್ಮನಿಯ ಬ್ರಾಂಡನ್‌ಬರ್ಗ್ ಪ್ರದೇಶದ ದಾಖಲೆಗಳನ್ನು ತೆಗೆದು ನೋಡಿದಾಗ, ಹೊರಗಿನಿಂದ ತಂದು ನೆಟ್ಟ ಪೊದೆಗಳು ತಾವಾಗಿ ಹರಡಲು ಸರಾಸರಿ 131 ವರ್ಷ, ಮರಗಳು 170 ವರ್ಷ ತೆಗೆದುಕೊಂಡಿದ್ದವು. ನಮ್ಮ ಬಿಸಿ ಹವೆಯಲ್ಲಿ ಇಷ್ಟು ತಡವಾಗಬೇಕಿಲ್ಲ. ಆದರೂ ನೆಟ್ಟವನ ಆಯುಸ್ಸಿನಲ್ಲಿ ಗಿಡ ಸಾಧುವಾಗಿಯೇ ಇರುತ್ತದೆ. ಇನ್ನೊಂದು ಕಾರಣ ವ್ಯಾಪಾರ. ದನ ಮೇಯಬಾರದು, ಹುಳ ಹತ್ತಬಾರದು, ನೀರು ಕಡಿಮೆಯಾದರೂ ಬದುಕಬೇಕು, ವರ್ಷಪೂರ್ತಿ ಹೂ ಬಿಡಬೇಕು. ನಾವೆಲ್ಲ ನರ್ಸರಿಯಲ್ಲಿ ಕೇಳುವುದು ಇಂಥ ಗಿಡವನ್ನೇ ಅಲ್ವಾ? ಕಾಡನ್ನು ಗೆಲ್ಲಲು ಬೇಕಾದ ಗುಣಗಳೂ ಇವೇ.

ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಗೆದ್ದದ್ದನ್ನು ಸಂಶೋಧಕರು ಅಳೆದು ನೋಡಿದ್ದಾರೆ. 1997ರಲ್ಲಿ ಅವರು ಗುರುತು ಮಾಡಿದ ಜಾಗಗಳ ಪೈಕಿ ಸುಮಾರು ಶೇ 41ರಲ್ಲಿ ಲಂಟಾನ ಇತ್ತು. 2008ಕ್ಕೆ ಅದು ಶೇ 81 ಆಯಿತು. ಸೋಲಿಗರ ಹಿರಿಯರು ಬೇರೆಯದೇ ಕಾರಣ ಹೇಳುತ್ತಾರೆ. ಹಿಂದೆ ಬೇಸಿಗೆಯ ಶುರುವಿನಲ್ಲಿ ತಾವು ಹಾಕುತ್ತಿದ್ದ ‘ತರಗು ಬೆಂಕಿ’ ಎಳೆಯ ಪೊದೆಗಳನ್ನು ಸುಡುತ್ತಿತ್ತು, ಕಾಡು ಅಭಯಾರಣ್ಯವಾಗಿ ಬೆಂಕಿ ನಿಂತ ಮೇಲೆ ಅದಕ್ಕೆ ತಡೆಯೇ ಇಲ್ಲವಾಯಿತು ಅನ್ನುವುದು ಅವರ ಮಾತು. ನನಗೆ ಇದು ಸುಮ್ನೆ ತಳ್ಳಿಹಾಕುವ ಮಾತು ಅನಿಸುವುದಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದ ಸುಮಾರು 1.54 ಲಕ್ಷ ಚದರ ಕಿಲೋಮೀಟರ್ ಕಾಡಿನಲ್ಲಿ ಲಂಟಾನ ಇದೆ.

ಅಂದ ನೋಡಿ ತಂದದ್ದು ಇದೊಂದೇ ಅಲ್ಲ. ಕೆರೆಗಳನ್ನು ಮುಚ್ಚುವ, ನೇರಳೆ ಹೂವಿನ ನೀರು ಹಯಸಿಂತ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದದ್ದು ಹೂವಿನ ಚೆಂದಕ್ಕೆ. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಅದನ್ನು ತಿನ್ನುವ ದುಂಬಿಗಳನ್ನು ಹೊರದೇಶದಿಂದ ತಂದು ಬಿಡಬೇಕಾಯಿತು. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಅಂದಕ್ಕೂ ನೆರಳಿಗೂ ನೆಟ್ಟ ಮರ. ಈಗ ವಯನಾಡು, ಮುದುಮಲೈ, ಬಂಡೀಪುರ, ನಾಗರಹೊಳೆಗಳಿಗೆ ಅದೇ ತಲೆನೋವು. ಹಾಗಂತ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ ಬಂದ ಸೀಮೆಬದನೆ ನಮ್ಮ ಸಾಂಬಾರಿಗೆ ಬಿತ್ತೇ ಹೊರತು ಕಾಡನ್ನು ನುಂಗಲಿಲ್ಲ.

ಕಾನೂನು ಎಚ್ಚೆತ್ತದ್ದು ತಡವಾಗಿ. ನಮ್ಮಲ್ಲಿ ಬ್ರಿಟಿಷರು ತಂದ 1914ರ ವಿನಾಶಕಾರಿ ಕೀಟ ಮತ್ತು ಪಿಡುಗು ಕಾಯಿದೆಯ ಕಣ್ಣು ಬೆಳೆಗೆ ಬರುವ ಕೀಟ ಮತ್ತು ರೋಗಗಳ ಮೇಲಿತ್ತು. ಆಮದಾದ ಗಿಡಕ್ಕೆ ಹುಳವಿಲ್ಲದಿದ್ದರೆ ಸಾಕಿತ್ತು. ಗಿಡವೇ ಪಿಡುಗಾಗಬಹುದು ಅನ್ನುವುದು ಆಗಿನ ಯೋಚನೆಯಲ್ಲಿರಲಿಲ್ಲ. 1992ರ ಜೀವವೈವಿಧ್ಯ ಒಪ್ಪಂದ ಆ ಮಾತನ್ನು ಜಗತ್ತಿನ ಮುಂದಿಟ್ಟಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2001ರಲ್ಲಿ ನರ್ಸರಿಯವರು, ಸಸ್ಯೋದ್ಯಾನದವರು, ವಿಜ್ಞಾನಿಗಳು ಕೂತು ತಾವೇ ಪಾಲಿಸುವ ನಿಯಮ ಬರೆದುಕೊಂಡರು. ಇಂಗ್ಲೆಂಡ್ 2014ರಲ್ಲಿ ಐದು ಜಲಸಸ್ಯಗಳ ಮಾರಾಟವನ್ನೇ ನಿಲ್ಲಿಸಿತು. ಅದೇ ವರ್ಷದ ದಕ್ಷಿಣ ಆಫ್ರಿಕಾದ ನಿಯಮ ಇನ್ನೂ ಬಿಗಿ. ಮನೆ, ಜಮೀನು ಮಾರುವವರು ಅಲ್ಲಿರುವ ಇಂಥ ಗಿಡಗಳ ವಿಷಯವನ್ನು ಕೊಳ್ಳುವವರಿಗೆ ಬರೆದು ಕೊಡಬೇಕು. ನಮ್ಮಲ್ಲಿ 2022ರ ವನ್ಯಜೀವಿ ತಿದ್ದುಪಡಿ ಕಾಯಿದೆ, ಇಂಥ ಹೊರಗಿನ ಜೀವಿಗಳ ಆಮದು, ಮಾರಾಟ, ಸಾಕಣೆಗೆ ಕಡಿವಾಣ ಹಾಕುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು.

ಸಣ್ಣ ನರ್ಸರಿಯವರನ್ನೇ ಬೈಯುವುದು ನನಗೆ ಸರಿ ಕಾಣದು. ಗಿರಾಕಿ ಕೇಳಿದ್ದನ್ನು ಅವರು ಬೆಳೆಸುತ್ತಾರೆ. ದೊಡ್ಡ ಗಿರಾಕಿ ಅಂದರೆ ರಸ್ತೆ ಬದಿಯ ಗಿಡಗಳಿಗೆ ಟೆಂಡರ್ ಕರೆಯುವವರು, ಅಪಾರ್ಟ್‌ಮೆಂಟ್ ಕಟ್ಟುವವರು. ನೆಲಕ್ಕೆ ಹಬ್ಬುವ, ಹಳದಿ ಹೂವಿನ ವೆಡೀಲಿಯ ಅವರಿಗೆ ಅಚ್ಚುಮೆಚ್ಚು, ಯಾಕೆಂದರೆ ಬೇಗ ಹಸಿರಾಗುತ್ತದೆ, ಖರ್ಚು ಕಡಿಮೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಅದೂ ಇದೆ. ಹಳೆ ಬಡಾವಣೆಗಳ ರಸ್ತೆ ಬದಿಯ ನೀರುಕಾಯಿ ಮರವೂ ಇದೆ. ಟೆಂಡರಿನ ಗಿಡಗಳ ಪಟ್ಟಿ ಬರೆಯುವಾಗ ಈ ನೂರರ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಲು ಹೊಸ ಕಾಯಿದೆಯೇನೂ ಬೇಕಿಲ್ಲ. ಬೇಲಿಗೆ ನಮ್ಮದೇ ಕೇಪಳ, ಸಾಲುಮರಕ್ಕೆ ಹೊಳೆದಾಸವಾಳ ಬೇಕು ಅಂತ ಅದರಲ್ಲಿ ಬರೆದರೆ, ಮುಂದಿನ ಮಳೆಗಾಲಕ್ಕೆ ನರ್ಸರಿಯವರು ಅದನ್ನೇ ಬೆಳೆಸಿಡುತ್ತಾರೆ.