ಎಲ್‌ಕೆಜಿ ಇದ್ದ ಮನೆಗೆ ನಾಲ್ಕನೇ ಮಹಡಿ

ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ, ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಖಾಸಗಿ ಶಾಲೆಯೊಂದು ಇರುವ ನಮ್ಮ ಬೀದಿಗೆ ಬನ್ನಿ. ವಿನೋಬನಗರವೋ ಗೋಪಾಳವೋ ಎಂದು ಕೇಳಬೇಡಿ. ಶಿವಮೊಗ್ಗದ ಹತ್ತು ಬಡಾವಣೆಗಳಲ್ಲಿ ಇದೇ ದೃಶ್ಯ ಇದೆ. ಬೇಸಿಗೆಯಲ್ಲಿ ಸ್ಕೂಟರಿನ ಮುಂದೆ ನಿಂತು ಬರುತ್ತಿದ್ದ ಮಕ್ಕಳು ಈಗ ಕಾರಿನಲ್ಲಿ ಬರುತ್ತಾರೆ. ತಪ್ಪೇನಿಲ್ಲ, ಮಲೆನಾಡಿನ ಮಳೆಗೆ ರೇನ್‌ಕೋಟು ಎಷ್ಟು ತಡೆದೀತು? ಆದರೆ ಆ ಕಾರು ನಮ್ಮ ಗೇಟಿಗೆ ಅಡ್ಡ ನಿಂತಿರುತ್ತದೆ. ಹಿಂದೆ ಹಳದಿ ಬಸ್ಸು. ಅದರ ಹಿಂದೆ ಆಟೊ. "ಎರಡೇ ನಿಮಿಷ ಸರ್" ಎಂದು ಹೇಳಿ ಹೋದವರು ಕ್ಲಾಸಿನ ಮಿಸ್ ಜೊತೆ ಮಾತಾಡುತ್ತಾ ನಿಂತಿರುತ್ತಾರೆ.

ಆ ಶಾಲೆಗೆ ಈಗ ನಾಲ್ಕನೇ ಮಹಡಿ ಕಟ್ಟಬೇಕಂತೆ. ಪಕ್ಕದ ಎರಡು ಮನೆಗಳನ್ನು ಈಗಾಗಲೇ ಕೊಂಡಾಗಿದೆ. ಬೀದಿಯವರು ಸಹಿ ಹಾಕಿ ಪಾಲಿಕೆಗೆ ಆಕ್ಷೇಪಣೆ ಕೊಟ್ಟಿದ್ದಾರೆ. ಹೊರಗಿನಿಂದ ನೋಡಿದವರಿಗೆ ಇದು ಪಾರ್ಕಿಂಗ್ ಜಗಳದ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಇದು ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ, ಒಂದು ಬಾಡಿಗೆ ಮನೆಯ ಹಾಲ್‌ನಲ್ಲಿ ಎಲ್‌ಕೆಜಿ ಶುರುವಾದ ದಿನವೇ ಹುಟ್ಟಿದ ಜಗಳ. ಆವತ್ತು ಯಾರಿಗೂ ಗೊತ್ತಾಗಲಿಲ್ಲ ಅಷ್ಟೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಶಿವಮೊಗ್ಗ ಓದಿನ ಊರು. ರಾಷ್ಟ್ರೀಯ ಶಿಕ್ಷಣ ಸಮಿತಿ ಇಲ್ಲಿ ಹುಟ್ಟಿದ್ದು 1946ರಲ್ಲಿ. ಆ ಕಾಲದ ಶಾಲೆ ಕಾಲೇಜುಗಳಿಗೆ ಕಾಂಪೌಂಡು ಇತ್ತು, ಆಟದ ಬಯಲು ಇತ್ತು, ಮುಂದೆ ದೊಡ್ಡ ರಸ್ತೆ ಇತ್ತು. ಊರೇ ಶಾಲೆಯ ಸುತ್ತ ಬೆಳೆಯಿತು. ಆಮೇಲೆ ಬಂದದ್ದು ತಿರುಗುಮುರುಗು: ಮನೆಗಳು ಮೊದಲು, ಅವುಗಳ ನಡುವೆ ಶಾಲೆ.

ಇದಕ್ಕೆ ಮುಖ್ಯ ಕಾರಣ ಇಂಗ್ಲಿಷ್ ಮೀಡಿಯಂ ಆಸೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟ ಇರುವ ಎಷ್ಟೋ ಕುಟುಂಬಗಳು ಮಕ್ಕಳ ಓದಿಗಾಗಿ ಶಿವಮೊಗ್ಗದಲ್ಲಿ ಮನೆ ಮಾಡಿದವು. ಅಪ್ಪ ತೋಟದಲ್ಲಿ, ಅಮ್ಮ ಮಕ್ಕಳು ಪೇಟೆಯಲ್ಲಿ. 2001ರ ಜನಗಣತಿಯಲ್ಲಿ 2.74 ಲಕ್ಷ ಇದ್ದ ಊರಿನ ಜನಸಂಖ್ಯೆ 2011ಕ್ಕೆ 3.22 ಲಕ್ಷ ಆಯಿತು. ಹೊಸ ಬಡಾವಣೆಗೆ ಬಂದವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು 'ಕಾನ್ವೆಂಟ್' ಬೇಕಿತ್ತು. ಯಾರೋ ಒಬ್ಬರು 30×40 ಸೈಟಿನ ಮನೆಯಲ್ಲಿ ಶುರು ಮಾಡಿದರು. ನಾವೆಲ್ಲ ಖುಷಿಪಟ್ಟೆವು. ನಮ್ಮ ಮನೆಯ ಮಗಳೂ ಅಲ್ಲಿಗೇ ಹೋದಳು. ಈಗ ಆಕ್ಷೇಪಣೆಗೆ ಸಹಿ ಹಾಕಿದವರಲ್ಲಿ ಅರ್ಧ ಜನರ ಮಕ್ಕಳು ಅದೇ ಶಾಲೆಯ ಮೊದಲ ಬ್ಯಾಚುಗಳಲ್ಲಿ ಓದಿದವರು. ಈ ಮಾತನ್ನು ಬೀದಿಯ ಸಭೆಯಲ್ಲಿ ಯಾರೂ ಎತ್ತುವುದಿಲ್ಲ.

ಆ ಕಾಲದ ಶಾಲೆಗಳಿಗೆ ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತ್ತು. 1994ರ ಸರ್ಕಾರಿ ಆದೇಶದ ಪ್ರಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಕನ್ನಡದಲ್ಲಿ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕಿತ್ತು. ಹಾಗಾಗಿ ಎಷ್ಟೋ ಶಾಲೆಗಳು ಕನ್ನಡ ಮಾಧ್ಯಮ ಎಂದು ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷಿನಲ್ಲಿ ಕಲಿಸಿದವು. 2006ರಲ್ಲಿ ಸರ್ಕಾರ ರಾಜ್ಯದಲ್ಲಿ ಇಂಥ ಎರಡು ಸಾವಿರಕ್ಕೂ ಜಾಸ್ತಿ ಶಾಲೆಗಳ ಮಾನ್ಯತೆಗೆ ಕೈ ಹಾಕಿತು. 2008ರಲ್ಲಿ ಹೈಕೋರ್ಟ್ ಶಾಲೆಗಳ ಪರ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಭಾಷೆಯ ವಿಷಯದಲ್ಲಿ ಯಾರು ಸರಿ ಎಂಬುದು ಬೇರೆ ಚರ್ಚೆ. ಆದರೆ ಅಷ್ಟು ವರ್ಷ ಕಾಗದದಲ್ಲಿ ಒಂದು, ಒಳಗೆ ಇನ್ನೊಂದು ಎಂಬುದು ಶಾಲೆಗೂ ರೂಢಿಯಾಯಿತು, ತಪಾಸಣೆಗೆ ಬಂದವರಿಗೂ ರೂಢಿಯಾಯಿತು. ಕಟ್ಟಡದ ಕಾಗದಕ್ಕೂ ಅದೇ ಗತಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಈಗ ಒಂದು ಸಣ್ಣ ಲೆಕ್ಕ. ಎಲ್‌ಕೆಜಿಗೆ 30 ಮಕ್ಕಳು ಸೇರಿದರು ಅಂದುಕೊಳ್ಳಿ. ಮುಂದಿನ ವರ್ಷ ಅವರು ಯುಕೆಜಿ, ಕೆಳಗೆ ಹೊಸ 30 ಮಕ್ಕಳು. ಅದರ ಮುಂದಿನ ವರ್ಷ ಒಂದನೇ ತರಗತಿ. ಎಲ್‌ಕೆಜಿಯಿಂದ ಎಸ್ಸೆಸ್ಸೆಲ್ಸಿವರೆಗೆ 12 ತರಗತಿ. ಒಂದೇ ಸೆಕ್ಷನ್ ಇದ್ದರೂ 360 ಮಕ್ಕಳು, ಎರಡಾದರೆ 720. ಶಾಲೆಯವರು ದುರಾಸೆಗೆ ಬೀಳಬೇಕಾಗಿಲ್ಲ. ಸೇರಿದ ಮಕ್ಕಳನ್ನು ಹೊರಗೆ ಕಳಿಸದಿದ್ದರೆ ಸಾಕು, ವರ್ಷಕ್ಕೊಂದು ಕೋಣೆ ತಾನಾಗಿ ಬೇಕಾಗುತ್ತದೆ. "ಐದನೇ ಕ್ಲಾಸಿಗೆ ಬೇರೆ ಕಡೆ ಎಲ್ಲಿ ಸೀಟು ಹುಡುಕೋದು ಮಾರಾಯ್ರೆ, ನೀವೇ ಮುಂದುವರಿಸಿ" ಎಂದು ಶಾಲೆಯವರಿಗೆ ದುಂಬಾಲು ಬಿದ್ದವರು ನಾವೇ, ಅಲ್ವಾ?

ಹಾಗಾದರೆ ತಡೆಯಬೇಕಾದವರು ಯಾರು? ಗಂಟು ಇರುವುದು ಇಲ್ಲಿ.

ತರಗತಿಗೆ ಅನುಮತಿ ಕೊಡುವುದು ಶಿಕ್ಷಣ ಇಲಾಖೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಅದರ ಕೆಳಗೆ ಶಾಲೆಯ ನೋಂದಣಿ, ಮಾನ್ಯತೆ ಎಲ್ಲ ನಡೆಯುತ್ತದೆ. ಕೋಣೆ ಇದೆಯಾ, ಶೌಚಾಲಯ ಇದೆಯಾ, ಶಿಕ್ಷಕರು ಎಷ್ಟು ಎಂದು ಇಲಾಖೆ ನೋಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಆಟದ ಮೈದಾನ, ಕಾಂಪೌಂಡು ಗೋಡೆಯನ್ನೂ ಸೇರಿಸಿತು. 2004ರ ಜುಲೈನಲ್ಲಿ ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರು. ಇಕ್ಕಟ್ಟಿನ ಮಹಡಿ ಕಟ್ಟಡ, ಮೇಲೆ ಗರಿಯ ಚಪ್ಪರ. ಆ ಪ್ರಕರಣದ ಬೆನ್ನಿಗೆ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಅಗ್ನಿ ಸುರಕ್ಷತೆ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಇಷ್ಟೆಲ್ಲ ಸರಿ. ಆದರೆ ಈ ಎಲ್ಲ ತಪಾಸಣೆ ನಡೆಯುವುದು ಗೇಟಿನ ಒಳಗೆ.

ಗೋಡೆ, ಮಹಡಿ ಪಾಲಿಕೆಯದು. ಶಿವಮೊಗ್ಗ ನಗರಸಭೆ ಮಹಾನಗರ ಪಾಲಿಕೆ ಆದದ್ದು 2013ರಲ್ಲಿ. ಜಾಗ ಯಾವ ಬಳಕೆಗೆ ಎಂಬುದನ್ನು ನೋಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮ ಬಾಯಲ್ಲಿ ಸೂಡಾ. ಬಸ್ಸಿಗೆ ಪರ್ಮಿಟ್ ಕೊಡುವುದು ಆರ್‌ಟಿಒ. ಬೀದಿಯಲ್ಲಿ ಜಾಮ್ ಆದರೆ ಟ್ರಾಫಿಕ್ ಪೊಲೀಸ್. ನಾಲ್ಕೈದು ಕಚೇರಿ, ನಾಲ್ಕೈದು ಫೈಲು. ಒಬ್ಬರು ಕೋಣೆ ಎಣಿಸುತ್ತಾರೆ, ಇನ್ನೊಬ್ಬರು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಅಳೆಯುತ್ತಾರೆ, ಮತ್ತೊಬ್ಬರು ಬಸ್ಸಿನ ಸೀಟು ನೋಡುತ್ತಾರೆ. ಈ ಬೀದಿಗೆ ಎಷ್ಟು ಮಕ್ಕಳು ಹಿಡಿಸುತ್ತಾರೆ ಎಂದು ಮಾತ್ರ ಯಾರ ಫೈಲಿನಲ್ಲೂ ಕೇಳಿಲ್ಲ. ಶಾಲೆ ದೊಡ್ಡದಾಗಲಿ ಎಂದು ಯಾರೂ ತೀರ್ಮಾನ ಮಾಡಿದ್ದೇ ಇಲ್ಲ. ಅದು ಸುಮ್ನೆ ಆಗುತ್ತಾ ಹೋಯಿತು.

ಬೀದಿಯ ಲೆಕ್ಕವನ್ನು ನಾವೇ ಮಾಡೋಣ. 30 ಅಡಿ ರಸ್ತೆ ಅಂದರೆ ಒಂಬತ್ತು ಮೀಟರ್ ಚಿಲ್ಲರೆ. ಎರಡೂ ಬದಿ ಕಾರು ನಿಂತರೆ ಮೂರೂವರೆ ಮೀಟರಿಗೂ ಜಾಸ್ತಿ ಹೋಯಿತು. ಚರಂಡಿ, ಗೇಟಿನ ಇಳಿಜಾರು, ನಮ್ಮ ದಾಸವಾಳದ ಗಿಡ ಕಳೆದರೆ ಉಳಿಯುವುದು ಒಂದು ಬಸ್ಸು ಹೋಗುವಷ್ಟು ಜಾಗ, ಎದುರಿನಿಂದ ಏನೂ ಬರದಿದ್ದರೆ. ಒಂದು ಕಾರಿಗೆ ಐದು ಮೀಟರಿನ ಹಾಗೆ 60 ಕಾರು ಸಾಲಾಗಿ ನಿಂತರೆ 300 ಮೀಟರ್. 30 ಅಡಿ ಮುಖದ ಸೈಟುಗಳಲ್ಲಿ ಅದು ಮೂವತ್ತಕ್ಕೂ ಹೆಚ್ಚು ಮನೆಗಳ ಉದ್ದ. 720 ಮಕ್ಕಳಲ್ಲಿ 60 ಜನ ಕಾರಿನಲ್ಲಿ ಬಂದರೆ ಸಾಕು, ಬೀದಿ ತುಂಬಿತು.

ಕಾನೂನು ಏನನ್ನುತ್ತದೆ? ನಗರ ಯೋಜನೆಗೆ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ಮಾಸ್ಟರ್ ಪ್ಲಾನ್ ಆಗುವುದು ಅದರಡಿ. ವಸತಿ ವಲಯ ಎಂದು ಬಣ್ಣ ಹಚ್ಚಿದ ಕೂಡಲೇ ಅಲ್ಲಿ ಮನೆ ಬಿಟ್ಟು ಬೇರೇನೂ ಬರಬಾರದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಲವು ಬಳಕೆಗಳಿಗೆ ನೇರವಾಗಿ ಅವಕಾಶ ಇರುತ್ತದೆ, ಇನ್ನು ಕೆಲವಕ್ಕೆ ಪ್ರಾಧಿಕಾರ ವಿಶೇಷವಾಗಿ ಅನುಮತಿ ಕೊಡಬಹುದು. ಸಣ್ಣ ಮಕ್ಕಳ ಶಾಲೆ ಮನೆಗಳ ನಡುವೆ ಇರುವುದು ಯೋಜನೆಗೆ ವಿರುದ್ಧವಲ್ಲ. ನನ್ನನ್ನು ಕೇಳಿದರೆ, ಇರಲೇಬೇಕು. ಪ್ರಶ್ನೆ ಬರುವುದು ಸೈಟಿನ ಅಳತೆ, ರಸ್ತೆಯ ಅಗಲ, ಮಹಡಿಯ ಸಂಖ್ಯೆಯಲ್ಲಿ.

ಮನೆಗೆಂದು ಪ್ಲಾನ್ ಪಾಸ್ ಮಾಡಿಸಿದ ಕಟ್ಟಡ ಶಾಲೆಯಾಗಿದ್ದರೆ ಮಾತ್ರ ವಿಷಯ ಬೇರೆ. ವಲಯವನ್ನೇ ಬದಲಾಯಿಸಬೇಕಾದರೆ ಆ ಕಾಯ್ದೆಯ 14ಎ ಕಲಂ ಇದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಪ್ರಸ್ತಾವವನ್ನು ಆ ಊರಿನಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು. ಈ ಪ್ರಕಟಣೆ ಟೆಂಡರು, ಹೆಸರು ಬದಲಾವಣೆ, ಕಾಣೆಯಾದ ಮಾರ್ಕ್ಸ್‌ಕಾರ್ಡುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸರ್ವೆ ನಂಬರ್ ಇರುತ್ತದೆ, ಶಾಲೆಯ ಹೆಸರು ಹುಡುಕಬೇಕು. ನಮ್ಮ ಬೀದಿಯಲ್ಲಿ ದಿನಾ ಪೇಪರ್ ಓದುವ ನಿವೃತ್ತ ಮೇಷ್ಟ್ರುಗಳು ಆರು ಜನ ಇದ್ದಾರೆ. ಒಬ್ಬರ ಕಣ್ಣಿಗೂ ಅಂಥದ್ದು ಬಿದ್ದಿಲ್ಲ. ಪ್ರಕಟಣೆಯೇ ಇರಲಿಲ್ಲವೋ, ಕಣ್ಣು ತಪ್ಪಿತೋ, ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು. ಹತ್ತು ರೂಪಾಯಿ ಶುಲ್ಕ, 150 ಪದ ಮೀರಬಾರದು. ಇಪ್ಪತ್ತು ವರ್ಷದ ಸಿಟ್ಟನ್ನು 150 ಪದಕ್ಕೆ ಇಳಿಸುವುದು ಕಷ್ಟದ ಕೆಲಸ.

"ನಿಮ್ಮ ಸೈಟಲ್ಲಲ್ಲ, ಕೇಳೋಕೆ ನೀವ್ಯಾರು?" ಎಂಬ ಮಾತು ಕಚೇರಿಗಳಲ್ಲಿ ಈಗಲೂ ಕೇಳಿಸುತ್ತದೆ. ಅದಕ್ಕೆ ಉತ್ತರ ಸಿಕ್ಕಿ ಮೂರು ದಶಕ ದಾಟಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಟ್ರಸ್ಟಿನ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬಡಾವಣೆಯಲ್ಲಿ ವಾಸ ಮಾಡುವವರಿಗೆ ಪ್ರಶ್ನೆ ಮಾಡುವ ಹಕ್ಕಿದೆ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕಿನ ಜಾಗದಲ್ಲಲ್ಲ ಎಂಬುದು ಆ ತೀರ್ಪಿನ ತಿರುಳು.

ಇನ್ನು ಅಕ್ರಮ-ಸಕ್ರಮ. ಸೆಟ್‌ಬ್ಯಾಕ್ ನುಂಗಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು 2007ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ನಿಯಮ ಬಂದದ್ದು 2014ರಲ್ಲಿ. ಉಲ್ಲಂಘನೆ ಮನೆಗಳಿಗೆ ಶೇ 50, ಬೇರೆ ಕಟ್ಟಡಗಳಿಗೆ ಶೇ 25 ಮೀರಿರಬಾರದು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಸರಿ ಎಂದಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 'ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ' ಎಂಬ ನಂಬಿಕೆ ಮಾತ್ರ ತಡೆಯಿಲ್ಲದೆ ಮುಂದುವರಿಯಿತು. ಶಾಲೆಯದಷ್ಟೇ ಅಲ್ಲ, ನಮ್ಮದೂ. ನಮ್ಮ ಮನೆಯ ಹಿಂದಿನ ಸೆಟ್‌ಬ್ಯಾಕ್ ಅಳೆಯಲು ಯಾರೂ ಬರದಿರಲಿ ಎಂದು ನಾನೂ ಬೇಡಿಕೊಳ್ಳುವವನೇ. ಅಲ್ಲೊಂದು ಬಚ್ಚಲು ಇದೆ. ಶಾಲೆಯ ವಕೀಲರು ಇದನ್ನು ಚೆನ್ನಾಗಿ ಬಲ್ಲರು. ನೋಟಿಸಿಗೆ ಉತ್ತರ ಬರೆಯುವಾಗ ಮೊದಲು ಪಟ್ಟಿ ಮಾಡುವುದು ಆಕ್ಷೇಪಣೆ ಕೊಟ್ಟವರ ಮನೆಗಳನ್ನು. ಬೀದಿಯ ಪೀಜಿ, ಟ್ಯೂಷನ್ ಕ್ಲಾಸು, ಕ್ಲಿನಿಕ್ಕುಗಳ ಬಗ್ಗೆ ನಾವು ತುಟಿ ಬಿಚ್ಚಿಲ್ಲ ಎಂಬುದೂ ನಿಜವೇ.

2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಮಾತ್ರ ಲೆಕ್ಕಾಚಾರ ಬದಲಾಯಿಸಿದೆ. ಅದು ಮೀರತ್‌ನ ಪ್ರಕರಣ. ವಸತಿ ಸೈಟಿನಲ್ಲಿ ಅಂಗಡಿ ಕಟ್ಟಿದ್ದರು. ಎಷ್ಟು ವರ್ಷ ಕಳೆದರೂ, ಅಧಿಕಾರಿಗಳು ಸುಮ್ಮನಿದ್ದರೂ, ಅಕ್ರಮ ಸಕ್ರಮ ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಕಟ್ಟುವಷ್ಟು ಕಾಲ ಮಂಜೂರಾದ ಪ್ಲಾನನ್ನು ಜಾಗದಲ್ಲೇ ಪ್ರದರ್ಶಿಸಬೇಕು. ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ಬ್ಯಾಂಕು ಸಾಲ ಕೊಡಬಾರದು. ಈಗ ನಮ್ಮ ಬೀದಿಯವರು ಶಾಲೆಗೆ ಹೋಗಿ ಕೇಳುವ ಮೊದಲ ಪ್ರಶ್ನೆ "ಪ್ಲಾನ್ ಬೋರ್ಡ್ ಎಲ್ಲಿ?" ಎಂಬುದು.

ಕೇಳಲು ಕಾರ್ಪೊರೇಟರ್ ಇದ್ದರೆ ಅವರ ಮನೆ ಬಾಗಿಲಿಗೆ ಹೋಗಬಹುದಿತ್ತು. 2023ರ ಕೊನೆಗೆ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ಚುನಾವಣೆ ತಡವಾಯಿತು. ದೂರು ನೇರವಾಗಿ ಆಯುಕ್ತರ ಕಚೇರಿಗೆ ಹೋಗಿ ಬಿತ್ತು. ಪಾಲಿಕೆ ಕಾಯ್ದೆಯ 321ನೇ ಕಲಂ ಪ್ರಕಾರ ಅಕ್ರಮವಾಗಿ ಕಟ್ಟಿದ್ದನ್ನು ಕೆಡವಲು ಮೊದಲು ತಾತ್ಕಾಲಿಕ ಆದೇಶ, ಉತ್ತರ ಕೇಳಿ ಆಮೇಲೆ ಖಾಯಂ ಆದೇಶ. ನಡುವೆ ತಡೆಯಾಜ್ಞೆ ತರುವುದು ಎಲ್ಲರಿಗೂ ಗೊತ್ತಿರುವ ದಾರಿ.

ಗದ್ದಲದ ವಿಷಯ ಒಂದು ತಮಾಷೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ಹಗಲು ಹೊತ್ತು ಮನೆಗಳ ಪ್ರದೇಶಕ್ಕೆ 55 ಡೆಸಿಬಲ್ ಮಿತಿ. ಶಾಲೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ ಎಂದು ಘೋಷಿಸಿದರೆ ಮಿತಿ 50. ಶಾಲೆಗೆ ತೊಂದರೆ ಆಗದಿರಲೆಂದು ಮಾಡಿದ ನಿಯಮ ಅದು. ಆಗಸ್ಟ್ 15ರ ಮುಂಚೆ ಎರಡು ವಾರ ಬ್ಯಾಂಡ್ ಸೆಟ್ ಅಭ್ಯಾಸ ನಡೆಯುವಾಗ ಮನೆಗಳನ್ನು ಶಾಲೆಯಿಂದ ಕಾಪಾಡಬೇಕಾದೀತು ಎಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

"ಊರ ಹೊರಗೆ ಹೋಗಲಿ" ಎಂಬುದು ಸುಲಭದ ಮಾತು. ಸವಳಂಗ ರಸ್ತೆ, ಸಾಗರ ರಸ್ತೆಯ ಕಡೆ ಎಕರೆಗಟ್ಟಲೆ ಜಾಗದ ಶಾಲೆಗಳು ಬಂದಿವೆ. ಅಲ್ಲಿ ಮೈದಾನ ಇದೆ, ಫೀಸೂ ಹಾಗೇ ಇದೆ, ಮಗು ಏಳು ಗಂಟೆಗೆ ಬಸ್ಸು ಹತ್ತಬೇಕು. ನಮ್ಮ ಬೀದಿಯ ಶಾಲೆಗೆ ಈಗಲೂ ಛತ್ರಿ ಹಿಡಿದು ನಡೆದು ಬರುವ ಮಕ್ಕಳಿದ್ದಾರೆ. ಪಾಠ ಮಾಡುವ ಮಿಸ್‌ಗಳಲ್ಲಿ ಹಲವರ ಮನೆ ಇದೇ ಬಡಾವಣೆಯಲ್ಲಿದೆ. ಶಾಲೆ ಹೋದರೆ ಮೊದಲು ಕಳೆದುಕೊಳ್ಳುವವರು ಇವರು, ಕಾರಿನವರಲ್ಲ.

ಅದಕ್ಕೇ ಇರಬೇಕು, ಆಕ್ಷೇಪಣೆ ಪತ್ರ ಮೂರನೇ ಸಲ ತಿದ್ದುವ ಹೊತ್ತಿಗೆ 'ಶಾಲೆ ಮುಚ್ಚಿಸಿ' ಎಂಬ ಸಾಲು ಬಿದ್ದುಹೋಗಿತ್ತು. ಉಳಿದದ್ದು ಮೂರು ಬೇಡಿಕೆ. ನಾಲ್ಕನೇ ಮಹಡಿ ಬೇಡ. ಚಿಕ್ಕವರಿಗೂ ದೊಡ್ಡವರಿಗೂ ಅರ್ಧ ಗಂಟೆ ಹೆಚ್ಚುಕಡಿಮೆ ಮಾಡಿ ಬೆಲ್ ಹೊಡೆಯಿರಿ. ಬಸ್ಸುಗಳನ್ನು ಹಿಂದಿನ 60 ಅಡಿ ರಸ್ತೆಯಲ್ಲೇ ನಿಲ್ಲಿಸಿ, ಕೊಂಡ ಎರಡು ಮನೆಗಳ ನಡುವೆ ಮಕ್ಕಳಿಗೆ ಒಂದು ಗೇಟು ಮಾಡಿ.

ಬೆಲ್ಲಿನ ಸಮಯ ಈ ಜೂನಿನಿಂದ ಬದಲಾಗಿದೆ. ಮಹಡಿಯ ಫೈಲು ಪಾಲಿಕೆಯಲ್ಲಿದೆ. ಹಿಂದಿನ ಗೇಟಿಗೆ ಮಾತ್ರ ಹೊಸ ಆಕ್ಷೇಪಣೆ ಬಂದಿದೆ, 60 ಅಡಿ ರಸ್ತೆಯ ಮನೆಯವರಿಂದ.