ಜನ ನಿಲ್ಲುತ್ತಿಲ್ಲವೇ? ಮೊದಲು ಮೈದಾನ ಚಿಕ್ಕದು ಮಾಡಿ

ಪ್ರಶ್ನೆ: ನಾವು ಬಯಲಿನಲ್ಲಿ ಸಂಜೆಯ ಸಂಗೀತ ಕಾರ್ಯಕ್ರಮ ಮಾಡುತ್ತೇವೆ. ಕಲಾವಿದರು ಒಳ್ಳೆಯವರೇ, ಪ್ರಚಾರದಲ್ಲೂ ಕೊರತೆ ಮಾಡಿಲ್ಲ. ಆದರೂ ಜನ ಬಂದು ಇಣುಕಿ ಹೊರಟುಬಿಡುತ್ತಾರೆ. ಮುಂದಿನ ಸಲ ಇನ್ನೂ ದೊಡ್ಡ ಮೈದಾನ ಹಿಡಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಇನ್ನಷ್ಟು ಕೆಡುತ್ತದೆ.

ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ನಾಟಕದವರು ಕೇಳುತ್ತಾರೆ, ಪುಸ್ತಕ ಮೇಳದವರು ಕೇಳುತ್ತಾರೆ, ಹೊಸ ಚೌಕ ಕಟ್ಟಿಸಿದ ಮೇಲೆ ಅದು ಬಿಕೋ ಎನ್ನುತ್ತಿದೆ ಎಂದು ನಗರ ಯೋಜನೆಯವರೂ ಕೇಳುತ್ತಾರೆ. ವಿವರ ಏನೇ ಇರಲಿ, ಕೊನೆಯ ಸಾಲು ಒಂದೇ: ಜಾಗ ಹೆಚ್ಚಿಸೋಣವೇ? ಜಾಗ ದೊಡ್ಡದಾದಷ್ಟೂ ಜನ ಹೆಚ್ಚು ಬರುತ್ತಾರೆ ಎಂಬ ನಂಬಿಕೆ ಎಷ್ಟು ಹೇಳಿದರೂ ಸಾಯುವುದಿಲ್ಲ. ಆದ್ದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

80 ಮೀಟರ್ ಉದ್ದ, 50 ಮೀಟರ್ ಅಗಲದ ಮೈದಾನ ಎಂದಿಟ್ಟುಕೊಳ್ಳಿ. ಒಟ್ಟು 4,000 ಚದರ ಮೀಟರ್. 400 ಜನ ಬಂದಿದ್ದಾರೆ. ಸಣ್ಣ ಸಂಖ್ಯೆಯೇನಲ್ಲ. ಆದರೆ ತಲೆಗೆ 10 ಚದರ ಮೀಟರ್ ಬೀಳುತ್ತದೆ, ಅಂದರೆ ಒಬ್ಬೊಬ್ಬರ ಸುತ್ತ ಒಂದು ಕೋಣೆಯಷ್ಟು ಖಾಲಿ. ದಾರಿಯಲ್ಲಿ ಹೋಗುವವನ ಕಣ್ಣಿಗೆ ಅದು ನೆಲಕಚ್ಚಿದ ಕಾರ್ಯಕ್ರಮ. ಅದೇ 400 ಜನರನ್ನು 32 ಮೀಟರ್ ಉದ್ದ, 25 ಮೀಟರ್ ಅಗಲದೊಳಗೆ ತನ್ನಿ: 800 ಚದರ ಮೀಟರ್, ತಲೆಗೆ 2. ಈಗ ಅದೇ ದಾರಿಹೋಕ ಕತ್ತು ಚಾಚಿ ನೋಡುತ್ತಾನೆ. ಬಂದವರ ಸಂಖ್ಯೆಯಲ್ಲಿ ಒಂದೂ ಹೆಚ್ಚಾಗಿಲ್ಲ. ನಿಂತು ನೋಡುವ ಕಾರ್ಯಕ್ರಮಕ್ಕೆ ತಲೆಗೆ ಒಂದೂವರೆಯಿಂದ ಮೂರು ಚದರ ಮೀಟರ್ ಇದ್ದರೆ ಕಳೆ ಇರುತ್ತದೆ. ಎಂಟು ದಾಟಿದರೆ ಭಣಭಣ.

ಕತ್ತು ಚಾಚುವುದು ಏಕೆ? ಜನರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಬೇರೆ ಜನ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಜನನಿಬಿಡ ರಸ್ತೆಯೊಂದರಲ್ಲಿ ಇದನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದರು. ತಮ್ಮ ಕಡೆಯವರನ್ನು ಪಾದಚಾರಿ ದಾರಿಯಲ್ಲಿ ನಿಲ್ಲಿಸಿ, ಎದುರಿನ ಕಟ್ಟಡದ ಆರನೇ ಮಹಡಿಯ ಕಿಟಕಿಯನ್ನು ಒಂದು ನಿಮಿಷ ದಿಟ್ಟಿಸುವಂತೆ ಹೇಳಿದರು. ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಬ್ಬನೇ ನಿಂತು ನೋಡಿದಾಗ ಹಾದುಹೋಗುವವರಲ್ಲಿ ಶೇ. 4ರಷ್ಟು ಜನ ಪಕ್ಕದಲ್ಲಿ ಬಂದು ನಿಂತರು. 15 ಜನ ನಿಂತಾಗ ಶೇ. 40. ಅದೂ ಏನೂ ಇಲ್ಲದ ಕಿಟಕಿಗೆ! ನಿಮ್ಮಲ್ಲಿ ಒಳ್ಳೆಯ ಗಾಯಕರಿದ್ದಾರೆ, ಆದರೆ ಆ ಮೊದಲ ಹದಿನೈದು ಜನ ಮೈದಾನದ ಹದಿನೈದು ಮೂಲೆಯಲ್ಲಿ ಚದುರಿದ್ದಾರೆ.

ಇಡೀ ನಗರದ ಮಟ್ಟದಲ್ಲೂ ಈ ತಪ್ಪು ನಡೆದುಹೋಗಿದೆ. 1961ರಲ್ಲಿ ನ್ಯೂಯಾರ್ಕ್ ನಗರ ಹೊಸ ವಲಯ ನಿಯಮ ತಂದಿತು: ಕಟ್ಟಡದ ಮುಂದೆ ಸಾರ್ವಜನಿಕರಿಗೆಂದು ಒಂದು ಚದರ ಅಡಿ ಅಂಗಳ ಬಿಟ್ಟರೆ ಮೇಲೆ ಹತ್ತು ಚದರ ಅಡಿ ಹೆಚ್ಚುವರಿ ಮಹಡಿ ಕಟ್ಟಿಕೊಳ್ಳಬಹುದು. ಬಿಲ್ಡರುಗಳು ಧಾರಾಳವಾಗಿ ಅಂಗಳ ಬಿಟ್ಟರು. ಅವುಗಳಲ್ಲಿ ಬಹಳಷ್ಟು ಖಾಲಿ ಬಿದ್ದವು. ಆಗ ವಿಲಿಯಂ ವೈಟ್ ಎಂಬಾತ ಮಹಡಿಗಳ ಮೇಲೆ ಕ್ಯಾಮೆರಾ ಇಟ್ಟು, ಯಾವ ಅಂಗಳದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಜನ ಎಂದು ವರ್ಷಗಟ್ಟಲೆ ಎಣಿಸಿದರು. ಅಂಗಳದ ವಿಸ್ತೀರ್ಣಕ್ಕೂ ಅಲ್ಲಿ ಸೇರುವವರ ಸಂಖ್ಯೆಗೂ ಹೊಂದಿಕೆಯೇ ಆಗಲಿಲ್ಲ. ಹೊಂದಿದ್ದು ಕುಳಿತುಕೊಳ್ಳಲು ಎಷ್ಟು ಜಾಗವಿದೆ ಎಂಬುದಕ್ಕೆ. 1975ರಲ್ಲಿ ನಿಯಮ ತಿದ್ದಿ, ಪ್ರತಿ 30 ಚದರ ಅಡಿ ಅಂಗಳಕ್ಕೆ ಒಂದು ಅಡಿ ಉದ್ದದ ಆಸನ ಕಡ್ಡಾಯ ಮಾಡಿದರು. ಅದೇ ನಗರದ ಪೇಲಿ ಪಾರ್ಕ್ 1967ರಲ್ಲಿ ತೆರೆದದ್ದು. 42 ಅಡಿ ಅಗಲ, 100 ಅಡಿ ಉದ್ದ, ಅಷ್ಟೇ. ಎಳೆದು ಸರಿಸಬಹುದಾದ ಕುರ್ಚಿಗಳು, ಹಿಂದೆ ನೀರಿನ ಗೋಡೆ. ಅದರ ಎಷ್ಟೋ ಪಟ್ಟು ದೊಡ್ಡ ಅಂಗಳಗಳು ಬಣಗುಡುತ್ತಿದ್ದಾಗ ಅಲ್ಲಿ ಕುರ್ಚಿ ಸಿಗುವುದೇ ಕಷ್ಟವಾಗಿತ್ತು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಬಂದೇ ಬರುತ್ತದೆ: “ದೊಡ್ಡ ಉತ್ಸವಗಳೆಲ್ಲ ದೊಡ್ಡ ಬಯಲಿನಲ್ಲೇ ಅಲ್ಲವೇ ನಡೆಯುವುದು?” ಹೌದು, ಜನ ಹಿಡಿಸಲಾರದಷ್ಟು ಆದ ಮೇಲೆ ಅಲ್ಲಿಗೆ ಹೋಗಿದ್ದು. ಕಾರ್ಯವನ್ನೇ ಕಾರಣ ಎಂದುಕೊಂಡರೆ ಆಗುವುದು ಇದೇ. ಇನ್ನು ಹಳೆಯ ನಗರಗಳ ಹೆಸರಾಂತ ಚೌಕಗಳನ್ನು ಉದಾಹರಣೆ ಕೊಡುವವರು ಒಮ್ಮೆ ಅಳತೆ ನೋಡಲಿ. ಅವುಗಳಲ್ಲಿ ಒಂದು ಹೆಕ್ಟೇರು ಮೀರಿದವು ಅಪರೂಪ. ಕೋಪನ್‌ಹೇಗನ್ನಿನ ಸ್ಟ್ರೋಗೆಟ್ ಬೀದಿಯನ್ನು 1962ರಲ್ಲಿ ವಾಹನಗಳಿಂದ ಬಿಡಿಸಿದಾಗ, ಆ ಚಳಿ ದೇಶದಲ್ಲಿ ಬೀದಿಯಲ್ಲಿ ಅಡ್ಡಾಡುವವರು ಯಾರು ಎಂದು ಮೂಗು ಮುರಿದವರೇ ಹೆಚ್ಚು. ಬೀದಿ ತುಂಬಿತು. ಅದರ ಅಗಲ ಸುಮಾರು ಹತ್ತು-ಹನ್ನೆರಡು ಮೀಟರ್. ಎರಡೂ ಬದಿಯ ಬಾಗಿಲು ಕಾಣುತ್ತದೆ, ಎದುರು ಬರುವವರ ಮುಖವೂ ಕಾಣುತ್ತದೆ.

ಮುಖ ಕಾಣುವುದಕ್ಕೂ ಲೆಕ್ಕವಿದೆ. ನೂರು ಮೀಟರ್ ದೂರದಿಂದ ಯಾರೋ ಮನುಷ್ಯರಿದ್ದಾರೆ ಎಂದಷ್ಟೇ ತಿಳಿಯುತ್ತದೆ. ನಗುತ್ತಿದ್ದಾರೋ ಬೇಸರದಲ್ಲಿದ್ದಾರೋ ಗೊತ್ತಾಗಬೇಕಾದರೆ 20-25 ಮೀಟರಿನೊಳಗೆ ಬರಬೇಕು. ರಂಗಮಂದಿರಗಳಲ್ಲಿ ಕೊನೆಯ ಸಾಲನ್ನು 35 ಮೀಟರಿನಾಚೆ ಹಾಕಲು ಹಿಂಜರಿಯುವುದು ಇದಕ್ಕೇ. ನಿಮ್ಮ ಮೈದಾನದ ಆ ತುದಿಯಲ್ಲಿ ನಿಂತವನಿಗೆ ಗಾಯಕಿ ಒಂದು ಬಣ್ಣದ ಚುಕ್ಕೆ. ಹಾಡು ಕೇಳಲು ಅವನಿಗೆ ಮೊಬೈಲ್ ಇದೆ, ಇಲ್ಲಿ ನಿಂತು ಕಾಲು ನೋಯಿಸಿಕೊಳ್ಳಬೇಕಾಗಿಲ್ಲ.

ಈಗ ಮಾಡಬೇಕಾದದ್ದು. ಹಿಡಿದ ಮೈದಾನವನ್ನು ಬಿಟ್ಟುಕೊಡಲಾಗದಿದ್ದರೆ ಅದರೊಳಗೇ ಒಂದು ಚಿಕ್ಕ ಜಾಗ ಕಟ್ಟಿ. ವೇದಿಕೆಯನ್ನು ರಸ್ತೆಯಿಂದ ದೂರದ ತುದಿಗೆ ಒಯ್ಯಬೇಡಿ, ಜನ ಓಡಾಡುವ ದಾರಿಗೆ ಹತ್ತಿರ ತನ್ನಿ. ವೇದಿಕೆಯ ಬೆನ್ನನ್ನು ದಾರಿಗೆ ಕೊಡುವುದು ಎಲ್ಲೆಲ್ಲೂ ಕಾಣುವ ತಪ್ಪು. ದಾರಿಹೋಕರಿಗೆ ಕಾಣುವುದು ಹಿಂಬದಿಯ ಪರದೆ, ಕೇಬಲ್ಲು, ಜನರೇಟರು. ವೇದಿಕೆಯನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಕಲಾವಿದರ ಮುಖವೂ ಕೂತವರ ಮುಖದ ಒಂದು ಪಾರ್ಶ್ವವೂ ದಾರಿಗೆ ಕಾಣುತ್ತದೆ. ಕೂತವರ ಮೇಲೆ ಮಂದ ಬೆಳಕು ಇರಲೇಬೇಕು. ವೇದಿಕೆ ಮಾತ್ರ ಬೆಳಗಿ ಮುಂದೆಲ್ಲ ಕತ್ತಲಾದರೆ, ತುಂಬಿದ ಸಭೆಯೂ ಹೊರಗಿನಿಂದ ಖಾಲಿ ಎನಿಸುತ್ತದೆ.

ಕುರ್ಚಿಗಳಲ್ಲಿ ಅರ್ಧವನ್ನು ಮಾತ್ರ ಹಾಕಿ. ಉಳಿದದ್ದನ್ನು ಬದಿಯಲ್ಲಿ ಪೇರಿಸಿಟ್ಟು, ಹಿಂದಿನ ಸಾಲು ತುಂಬುತ್ತಿದ್ದಂತೆ ಇನ್ನೊಂದು ಸಾಲು ಸೇರಿಸುತ್ತ ಹೋಗಲು ಇಬ್ಬರನ್ನು ನಿಲ್ಲಿಸಿ. ಗಣ್ಯರಿಗೆಂದು ಮೊದಲ ಮೂರು ಸಾಲು ಕಾದಿರಿಸುವ ಚಟ ಬಿಡಿ; ಗಣ್ಯರು ತಡವಾಗಿ ಬಂದು ಬೇಗ ಹೋಗುತ್ತಾರೆ, ಕಲಾವಿದರು ಇಡೀ ಸಂಜೆ ಖಾಲಿ ಕುರ್ಚಿಗೆ ಹಾಡಬೇಕಾಗುತ್ತದೆ. ಕುರ್ಚಿಗಳನ್ನು ಒಂದಕ್ಕೊಂದು ಕಟ್ಟಿಹಾಕಬೇಡಿ ಎನ್ನಬೇಕೆನಿಸುತ್ತದೆ, ಏಕೆಂದರೆ ಕೂರುವ ಮೊದಲು ಕುರ್ಚಿಯನ್ನು ನಾಲ್ಕು ಬೆರಳಷ್ಟಾದರೂ ಸರಿಸುವುದು ಮನುಷ್ಯನ ಸ್ವಭಾವ. ಆದರೆ ಸಾಲುಗಟ್ಟಿ ಹಾಕಿದ ಕುರ್ಚಿಗಳು ಗಡಿಬಿಡಿಯಲ್ಲಿ ಉರುಳಿ ಕಾಲಿಗೆ ಸಿಕ್ಕುತ್ತವೆ. ಹಾಗಾಗಿ ಸಾಲಿನವನ್ನು ಜೋಡಿಸಿ, ಅಂಚಿನಲ್ಲಿ ಹಾಕಿದ ಬಿಡಿ ಕುರ್ಚಿಗಳನ್ನು ಮಾತ್ರ ಜನರ ಇಷ್ಟಕ್ಕೆ ಬಿಡಿ.

ಅಂಚು ಎಂದೆನಲ್ಲ, ಅದು ಮುಖ್ಯ. ಯಾವ ಜಾಗವೂ ನಡುವಿನಿಂದ ತುಂಬುವುದಿಲ್ಲ. ಬೆನ್ನಿಗೆ ಏನಾದರೂ ಆಸರೆ, ಕಣ್ಣಿಗೆ ಹೊರಹೋಗುವ ದಾರಿ, ಎರಡೂ ಸಿಗುವ ಕಡೆ ಜನ ಮೊದಲು ನಿಲ್ಲುತ್ತಾರೆ. ಮರ, ಕಂಬ, ಒಂದೂವರೆ ಅಡಿ ಎತ್ತರದ ಜಗಲಿ ಇದ್ದರೆ ಸಾಕು. ಜಗಲಿ 30 ಅಂಗುಲ ಅಗಲವಿದ್ದರೆ ಎರಡೂ ಕಡೆಯಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರಬಹುದು, ಅದೇ ಉದ್ದದಲ್ಲಿ ದುಪ್ಪಟ್ಟು ಜನ. ನೆಲಮಟ್ಟವೂ ನೋಡಿ: ರಸ್ತೆಗಿಂತ ಮೂರಡಿಗೂ ಹೆಚ್ಚು ತಗ್ಗಿನಲ್ಲೋ ಎತ್ತರದಲ್ಲೋ ಇದ್ದರೆ ಒಳಗೆ ಏನಿದೆ ಎಂದು ಕಾಣದು, ಕಾಣದ ಕಡೆಗೆ ಹೆಜ್ಜೆ ತಿರುಗದು.

ಧ್ವನಿಯ ವಿಷಯದಲ್ಲಿ ಸೌಂಡಿನವರ ಮಾತಿಗೆ ಬಲಿಯಾಗಬೇಡಿ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯ ಎರಡು ಸ್ಪೀಕರಿನಿಂದಲೇ ಕೊನೆಯವರೆಗೆ ಕೇಳಿಸಲು ಹೋದರೆ ಮುಂದೆ ಕಿವಿಗಡಚಿಕ್ಕುತ್ತದೆ, ಜನ ಹತ್ತು ಮೀಟರ್ ಹಿಂದೆ ಸರಿಯುತ್ತಾರೆ. ವೇದಿಕೆಯ ಮುಂದಿನ ಆ ಬೋಳು ಅರ್ಧಚಂದ್ರ ಹುಟ್ಟುವುದು ಹೀಗೆ, ಸಂಕೋಚದಿಂದ ಮಾತ್ರವಲ್ಲ. ಮುಂದಿನದನ್ನು ತಗ್ಗಿಸಿ, 20 ಮೀಟರ್ ಹಿಂದೆ ಇನ್ನೊಂದು ಜೊತೆ ಇಡಿ, ಅದಕ್ಕೆ 58 ಮಿಲಿಸೆಕೆಂಡ್ ವಿಳಂಬ ಕೊಡಿಸಿ. ಶಬ್ದ ಗಾಳಿಯಲ್ಲಿ 20 ಮೀಟರ್ ಸಾಗಲು ಹಿಡಿಯುವ ಹೊತ್ತು ಅಷ್ಟು. ವಿಳಂಬ ಕೊಡದಿದ್ದರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ.

ಇಷ್ಟು ಮಾಡಿದರೆ ಜನ ನಿಲ್ಲುತ್ತಾರೆ. ಹಾಗಾದರೆ ಎಷ್ಟು ಒತ್ತಾದರೆ ಅತಿಯಾಯಿತು? ಇದನ್ನು ಯಾರೂ ಕೇಳುವುದಿಲ್ಲ. ಜಾಗ ಚಿಕ್ಕದು ಮಾಡಿ ಎಂದು ಹೇಳಿ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಚದರ ಮೀಟರಿಗೆ ಇಬ್ಬರು ನಿಂತರೆ ಆರಾಮ. ನಾಲ್ವರಾದರೆ ಇನ್ನು ಒಳಗೆ ಬಿಡಬಾರದು. ಐವರಾದ ಮೇಲೆ ಜನ ತಮ್ಮಿಷ್ಟದಂತೆ ಹೆಜ್ಜೆ ಇಡಲಾರರು. ಏಳರ ಹೊತ್ತಿಗೆ ಗುಂಪು ನೀರಿನಂತೆ ಹೊಯ್ದಾಡುತ್ತದೆ, ಒಂದು ಕಡೆಯ ನೂಕು ಅಲೆಯಾಗಿ ಇನ್ನೊಂದು ಕಡೆ ಮುಟ್ಟುತ್ತದೆ. ಇಂಥ ಕಡೆ ಜನ ಸಾಯುವುದು ಹೆಚ್ಚಾಗಿ ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ. 2022ರ ಅಕ್ಟೋಬರ್ 29ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ 159 ಜನರ ಸಾವಿಗೆ ಕಾರಣವಾದ ನೂಕುನುಗ್ಗಲು ಒಂದು ಇಳಿಜಾರು ಓಣಿಯದು. ಅದರ ಕಿರಿದಾದ ಭಾಗ ಮೂರು ಮೀಟರಿಗಿಂತ ತುಸು ಹೆಚ್ಚು ಅಗಲ. ಹೋಗುವವರು, ಬರುವವರು ಒಂದೇ ಓಣಿಯಲ್ಲಿ ಎದುರುಬದುರಾಗಿದ್ದರು.

ಆದ್ದರಿಂದ ಒಳಬರುವ ದಾರಿ ಬೇರೆ, ಹೊರಹೋಗುವ ದಾರಿ ಬೇರೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯ ಲೆಕ್ಕದಲ್ಲಿ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ದಾಟಬಲ್ಲರು, ಮೆಟ್ಟಿಲಾದರೆ 66. ಎರಡು ಮೀಟರಿನ ಒಂದೇ ಗೇಟಿನಿಂದ 800 ಜನ ಹೊರಬೀಳಲು ಐದು ನಿಮಿಷ ಬೇಕು, ಗೇಟಿನ ಪಕ್ಕ ಪೇರಿಸಿದ ಕುರ್ಚಿಗಳು ಇಲ್ಲದಿದ್ದರೆ. ಜಾಗ ಕಿರಿದು ಮಾಡಲು ಕಟ್ಟುವುದು ಬಟ್ಟೆಯ ಪರದೆಯಾಗಿರಲಿ, ಕೈಯಿಂದ ಎಳೆದರೆ ಬೀಳುವಂತಿರಲಿ. ಕಬ್ಬಿಣದ ಬೇಲಿ ಬೇಡ.

ಅಳೆಯುವುದು ಸುಲಭ. ವೇದಿಕೆಯ ಮುಂದೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕವನ್ನು ಸುಣ್ಣದಲ್ಲಿ ಗುರುತು ಮಾಡಿ. ಜನ ಸೇರಿದಾಗ ಗೆರೆ ಕಾಣುವುದಿಲ್ಲ, ಹಾಗಾಗಿ ಅದರ ನೇರಕ್ಕೆ ವೇದಿಕೆಯ ಅಂಚಿನಲ್ಲಿ ಎರಡು ಟೇಪು ಅಂಟಿಸಿ. ಎತ್ತರದಲ್ಲಿ ಒಬ್ಬರನ್ನು ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಆ ಚೌಕದೊಳಗಿನ ತಲೆ ಎಣಿಸಲಿ. ಅವರಿಗೆ ಬೇರೆ ಕೆಲಸ ಕೊಡಬಾರದು, ಫೋಟೋ ತೆಗೆಯುವುದೂ ಸೇರಿದಂತೆ. ಎಂಟು ಇದ್ದರೆ ಸರಿ. ಹದಿನಾರು ಮುಟ್ಟಿತೆಂದರೆ ಗೇಟಿನಲ್ಲಿ ಒಳಬಿಡುವುದನ್ನು ನಿಲ್ಲಿಸಿ, ಕಲಾವಿದರಿಂದಲೇ ಮೈಕಿನಲ್ಲಿ ಹೇಳಿಸಿ. ಹೇಳಬೇಕಾದದ್ದು ಮುಂದೆ ನಿಂತವರಿಗಲ್ಲ, ಅವರು ಅಲುಗಾಡಲಾರರು. ಎಲ್ಲರಿಗಿಂತ ಹಿಂದೆ ಇರುವವರು ಮೊದಲು ಹತ್ತು ಹೆಜ್ಜೆ ಹಿಂದೆ ಹೋಗಲಿ, ಆಮೇಲೆ ಅವರ ಮುಂದಿನವರು.